ಎಂಟ್ರಿ ಫ್ರೀ, ಗೇಟ್ ಬಂದ್: ಕೆನಡಾದ ಹಸಿರು ಪ್ರವಾಸದಲ್ಲಿ ನಡೀತಿರೋದೇನು?

2025ರ ಬೇಸಿಗೇಲಿ ಕೆನಡಾದ ಪ್ರವಾಸದ ಸುದ್ದಿಗಳನ್ನ ಓದ್ತಾ ಹೋದವರಿಗೆ ತಲೆ ಕೆಟ್ಟಿರಬೇಕು. ಒಂದು ಕಡೆ ಪ್ರಧಾನಿ ಮಾರ್ಕ್ ಕಾರ್ನಿ ಸರ್ಕಾರ 'ಕೆನಡಾ ಸ್ಟ್ರಾಂಗ್ ಪಾಸ್' ಅಂತ ತಂದು, ಜೂನ್ 20ರಿಂದ ಸೆಪ್ಟೆಂಬರ್ 2ರವರೆಗೆ ದೇಶದ ಅಷ್ಟೂ ನ್ಯಾಷನಲ್ ಪಾರ್ಕುಗಳಿಗೆ ಎಂಟ್ರಿ ಫ್ರೀ, ಬನ್ನಿ ನೋಡಿ ಅಂತ ಕರೀತು. ಇನ್ನೊಂದು ಕಡೆ ಅದೇ ವರ್ಷ ವ್ಯಾಂಕೂವರ್‌ನಿಂದ ಕೆಲವೇ ಗಂಟೆ ದೂರದ ಜೋಫ್ರಿ ಲೇಕ್ಸ್ ಪಾರ್ಕನ್ನ ಮೂರು ಸಲ ಸಾರ್ವಜನಿಕರಿಗೆ ಮುಚ್ಚಿದ್ರು. ರಾಕಿ ಪರ್ವತಗಳಲ್ಲಿರೋ, ಎಲ್ಲರ ಫೋನ್ ವಾಲ್‌ಪೇಪರಲ್ಲೂ ಕಾಣೋ ಆ ನೀಲಿ ಮೊರೇನ್ ಲೇಕ್‌ಗೆ ಸ್ವಂತ ಕಾರಲ್ಲಿ ಹೋಗೋ ಹಾಗೇ ಇಲ್ಲ. ಬಾ ಅಂತಾರಾ, ಬರಬೇಡ ಅಂತಾರಾ? ಟೊರಾಂಟೊ, ಬ್ರಾಂಪ್ಟನ್ ಕಡೆ ಇರೋ ಕನ್ನಡದವರು ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡು ಜುಲೈಲಿ ರಾಕಿ ಪರ್ವತದ ಬ್ಯಾಂಫ್ ನ್ಯಾಷನಲ್ ಪಾರ್ಕ್ ತೋರಿಸೋ ಪ್ಲಾನ್ ಹಾಕ್ತಾರಲ್ಲ, ಅವರಿಗಂತೂ ಇದು ಬರೀ ಸುದ್ದಿ ಅಲ್ಲ, ಬುಕಿಂಗ್ ತಲೆನೋವು.

ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ ಅನ್ಸಿದ್ರೂ ಈ ಸುದ್ದಿಗಳು ಉತ್ತರ ಕೊಡ್ತಿರೋ ಪ್ರಶ್ನೆಗಳೇ ಬೇರೆ ಬೇರೆ. ಟಿಕೆಟ್ ದುಡ್ಡು ಎಷ್ಟು ಅನ್ನೋದು ಒಂದು. ಆ ಜಾಗ ಎಷ್ಟು ಜನರನ್ನ ತಡ್ಕೊಳತ್ತೆ, ಅದನ್ನ ತೀರ್ಮಾನ ಮಾಡೋ ಹಕ್ಕು ಯಾರದ್ದು ಅನ್ನೋದು ಇನ್ನೊಂದು. ಕೆನಡಾದಲ್ಲಿ 'ಗ್ರೀನ್ ಟ್ರಾವೆಲ್' ಅಂತ ನಡೀತಿರೋ ಜಗಳ ಪೂರ್ತಿ ಎರಡನೇ ಪ್ರಶ್ನೆ ಸುತ್ತಾನೇ ಇದೆ, ಪಾಸ್ ಬಂದಿದ್ದು ಮೊದಲನೇದಕ್ಕೆ.

ಫ್ರೀ ಆಗಿದ್ದು ಏನು, ಆಗದೇ ಇದ್ದಿದ್ದು ಏನು

ಪಾಸ್ ಅಂತ ಹೆಸರಿದ್ರೂ ಕೈಲಿ ಹಿಡ್ಕೊಳೋ ಕಾರ್ಡ್ ಏನೂ ಇರ್ಲಿಲ್ಲ, ಹೆಸರು ನೋಂದಾಯಿಸೋದೂ ಬೇಡ. ಪಾರ್ಕ್ಸ್ ಕೆನಡಾ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ ನಡೆಸೋ ಪಾರ್ಕು, ಐತಿಹಾಸಿಕ ಜಾಗಗಳಿಗೆ ಯಾರು ಹೋದ್ರೂ ಪ್ರವೇಶ ಶುಲ್ಕ ಇಲ್ಲ, ವಿದೇಶದವರಾದ್ರೂ ಸರಿ. ಕ್ಯಾಂಪಿಂಗ್‌ಗೆ ಶೇ 25 ರಿಯಾಯಿತಿ. ವಿಯಾ ಅನ್ನೋ ಸರ್ಕಾರಿ ಪ್ಯಾಸೆಂಜರ್ ರೈಲಲ್ಲಿ ದೊಡ್ಡವರ ಜೊತೆ ಹೋಗೋ 17 ವರ್ಷದವರೆಗಿನ ಮಕ್ಕಳಿಗೆ ಫ್ರೀ, 18ರಿಂದ 24ರವರಿಗೆ ಶೇ 25 ಕಡಿತ. ಆಮೇಲೆ ಚಳಿಗಾಲದ ರಜೆಗೂ, 2026ರ ಬೇಸಿಗೆಗೂ ಇದನ್ನ ಮುಂದುವರಿಸೋದಾಗಿ ಹೇಳಿದ್ರು.

ಇದರ ಹಿಂದೆ ಪರಿಸರದ ಕಾಳಜಿ ಇತ್ತು ಅಂದ್ಕೊಂಡ್ರೆ ತಪ್ಪು. ಟ್ರಂಪ್ ಸುಂಕ ಹೇರಿದ್ದು, ಕೆನಡಾ ನಮ್ಮ 51ನೇ ರಾಜ್ಯ ಆಗ್ಲಿ ಅಂತ ಪದೇ ಪದೇ ಅಂದಿದ್ದು, ಇದರಿಂದ ಸಿಟ್ಟಾದ ಕೆನಡಾದ ಜನ ಅಮೆರಿಕಾಗೆ ರಜೆಗೆ ಹೋಗೋದನ್ನ ಕಮ್ಮಿ ಮಾಡಿದ್ರು, ಆ ದುಡ್ಡು ದೇಶದೊಳಗೇ ಖರ್ಚಾಗ್ಲಿ ಅನ್ನೋದು ಲೆಕ್ಕಾಚಾರ. ಅಂದ್ರೆ ಇದು ದೇಶಾಭಿಮಾನದ ಜೊತೆ ವ್ಯಾಪಾರ ಸೇರಿಸಿದ ಯೋಜನೆ. 2017ರಲ್ಲೂ, ದೇಶಕ್ಕೆ 150 ವರ್ಷ ತುಂಬಿದಾಗ, ಹೀಗೇ ಫ್ರೀ ಮಾಡಿದ್ರು, ಆಗಲೂ ಜನ ನುಗ್ಗಿದ್ರು.

ಆದ್ರೆ ಬ್ಯಾಂಫ್‌ಗೆ ಮಾಮೂಲಿ ಪ್ರವೇಶ ಶುಲ್ಕ ದೊಡ್ಡವರಿಗೆ ದಿನಕ್ಕೆ 11 ಡಾಲರ್ ಆಸುಪಾಸು ಅಷ್ಟೇ. ಟೊರಾಂಟೊದಿಂದ ಫ್ಲೈಟ್, ಬಾಡಿಗೆ ಕಾರು, ಜುಲೈ ತಿಂಗಳ ಹೋಟೆಲ್ ರೇಟು ಇವೆಲ್ಲದರ ಮುಂದೆ ಅದು ಲೆಕ್ಕಕ್ಕೇ ಬರಲ್ಲ. ಹಾಗಾಗಿ ಫ್ರೀ ಮಾಡಿದ್ರಿಂದ ದೂರದವರ ಜೇಬಿಗೆ ಆದ ಲಾಭ ಕಮ್ಮಿ, ಹತ್ತಿರದ ಕ್ಯಾಲ್ಗರಿಯಿಂದ ಒಂದು ದಿನಕ್ಕೆ ಕಾರಲ್ಲಿ ಬಂದು ಹೋಗೋರಿಗೆ ಮಾತ್ರ ಜಾಸ್ತಿ ಆಸೆ ಹುಟ್ಟತ್ತೆ, ಮತ್ತೆ ಪಾರ್ಕ್ ಒಳಗೆ ಗಲಾಟೆ ಮಾಡ್ತಿರೋದೇ ಆ ಕಾರುಗಳು. ಶಟಲ್ ಬಸ್ಸು, ಕ್ಯಾಂಪ್ ಜಾಗ ಫ್ರೀ ಇರ್ಲಿಲ್ಲ, ಅವಕ್ಕೆ ಮಿತಿಯೂ ಇದ್ದೇ ಇತ್ತು. ಮದುವೆ ಮನೆಗೆ ಊರೆಲ್ಲ ಕರೆದಿರ್ತಾರೆ ನಿಜ, ಪಂಕ್ತೀಲಿ ಎಲೆ ಖಾಲಿ ಆಗೋವರೆಗೆ ಹೊರಗೆ ನಿಂತಿರಲೇಬೇಕು.

ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಾಗಿರ್ಲಿಲ್ಲ. ಕೆನಡಾದಲ್ಲಿ ಪಾರ್ಕುಗಳು ಕೇಂದ್ರದ್ದು ಬೇರೆ, ಪ್ರಾಂತ್ಯಗಳದ್ದು ಬೇರೆ. ಬ್ಯಾಂಫ್, ಜಾಸ್ಪರ್, ಯೋಹೊ ಕೇಂದ್ರದವು. ಜೋಫ್ರಿ ಲೇಕ್ಸ್ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು, ಅದಕ್ಕೂ ಸ್ಟ್ರಾಂಗ್ ಪಾಸ್‌ಗೂ ಸಂಬಂಧಾನೇ ಇಲ್ಲ.

ದೇಶ ಅಷ್ಟು ದೊಡ್ಡದು, ಜನ ಹೋಗೋ ಜಾಗ ಇಷ್ಟೇ

ಕೆನಡಾ ವಿಸ್ತೀರ್ಣದಲ್ಲಿ ಪ್ರಪಂಚದಲ್ಲೇ ಎರಡನೇದು, ಹತ್ತಿರ ಹತ್ತಿರ 1 ಕೋಟಿ ಚದರ ಕಿಲೋಮೀಟರ್, ಜನ 4 ಕೋಟಿ ಚಿಲ್ಲರೆ. ಇಷ್ಟು ಖಾಲಿ ದೇಶದಲ್ಲಿ ರಶ್ ಯಾಕಾಗತ್ತೆ ಅಂತ ಕೇಳೋದು ಸಹಜ. ಉತ್ತರ ಇಷ್ಟೇ, ಎಲ್ಲರೂ ಅದೇ ಎಂಟತ್ತು ಜಾಗಕ್ಕೆ, ಅದೇ ಎಂಟತ್ತು ವಾರದಲ್ಲಿ ಹೋಗ್ತಾರೆ. ವುಡ್ ಬಫಲೋ ನ್ಯಾಷನಲ್ ಪಾರ್ಕ್ ಸ್ವಿಟ್ಜರ್ಲೆಂಡ್‌ಗಿಂತ ದೊಡ್ಡದು, 44 ಸಾವಿರ ಚದರ ಕಿಲೋಮೀಟರ್‌ಗೂ ಜಾಸ್ತಿ, ಅಲ್ಲಿ ಜನಾನೇ ಕಾಣಲ್ಲ. ಬ್ಯಾಂಫ್ ಅದರ ಆರನೇ ಒಂದು ಭಾಗದಷ್ಟೂ ಇಲ್ಲ, 6,641 ಚದರ ಕಿಲೋಮೀಟರ್, ಅಲ್ಲಿಗೆ ವರ್ಷಕ್ಕೆ 40 ಲಕ್ಷಕ್ಕೂ ಜಾಸ್ತಿ ಜನ. ಆ 40 ಲಕ್ಷದಲ್ಲೂ ಬಹುಪಾಲು ಹೋಗೋದು ಲೇಕ್ ಲೂಯಿಸ್, ಮೊರೇನ್ ಲೇಕ್, ಬ್ಯಾಂಫ್ ಪೇಟೆ ಬೀದಿ, ಮುಗೀತು.

ಮೊರೇನ್ ಲೇಕ್ ಒಂದು ಕಾಲದಲ್ಲಿ ಕೆನಡಾದ 20 ಡಾಲರ್ ನೋಟಿನ ಹಿಂದೆ ಇತ್ತು, ಅಷ್ಟು ಹೆಸರುವಾಸಿ. ಅಲ್ಲಿಗೆ ಹೋಗೋ ರಸ್ತೆ ಒಂದೇ, ಅದೂ ಹಿಮ ಕರಗಿದ ಮೇಲೆ ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆಗೀತಾರೆ, ಕೊನೇಲಿ ಒಂದು ಚಿಕ್ಕ ಪಾರ್ಕಿಂಗ್ ಜಾಗ. ಇನ್ಸ್ಟಾಗ್ರಾಮ್ ಬಂದ ಮೇಲೆ ಜನ ಸೂರ್ಯೋದಯದ ಫೋಟೋಗೋಸ್ಕರ ರಾತ್ರಿ ಎರಡು ಮೂರು ಗಂಟೆಗೇ ಬಂದು ಕಾರ್ ನಿಲ್ಲಿಸ್ಕೊಳೋಕೆ ಶುರು ಮಾಡಿದ್ರು, ಸಿಬ್ಬಂದಿ ಹಗಲೂ ರಾತ್ರಿ ನಿಂತು ಗಾಡಿ ವಾಪಸ್ ಕಳಿಸೋ ಪರಿಸ್ಥಿತಿ ಬಂತು. ಕೊನೆಗೆ 2023ರಿಂದ ಸ್ವಂತ ಗಾಡಿಗಳನ್ನ ಪೂರ್ತಿ ನಿಲ್ಲಿಸಿಬಿಟ್ರು. ಈಗ ಪಾರ್ಕಿನ ಶಟಲ್, 'ರೋಮ್' ಅನ್ನೋ ಸ್ಥಳೀಯ ಸಾರಿಗೆ ಬಸ್ಸು, ಇಲ್ಲಾ ಲೈಸೆನ್ಸ್ ಇರೋ ಟೂರ್ ಬಸ್ಸು. ಹತ್ತಿರದ ಯೋಹೊ ಪಾರ್ಕಿನ ಲೇಕ್ ಓ'ಹಾರಾಗೆ ಇನ್ನೂ ಬಿಗಿ, ಅಲ್ಲಿ ಬಸ್ ಸೀಟಿಗೇ ಲಾಟರಿ.

ಇದರಲ್ಲಿ ಪ್ರಾಣಿಗಳ ಲೆಕ್ಕಾನೂ ಇದೆ. ಬೆಟ್ಟದ ಸೀಮೇಲಿ ಮೇವು, ನೀರು, ಓಡಾಡೋ ದಾರಿ ಇರೋದು ಕಣಿವೆ ತಳದಲ್ಲಿ, ರಸ್ತೆ ಹೋಟೆಲು ಕಟ್ಟೋಕೆ ಆಗೋದೂ ಅಲ್ಲೇ. ಗ್ರಿಜ್ಲಿ ಕರಡಿಗೂ ಪ್ರವಾಸಿಗೂ ಬೇಕಾಗಿರೋದು ಒಂದೇ ಜಾಗ. ಬ್ಯಾಂಫ್ ಒಳಗೆ ಹೋಗೋ ಟ್ರಾನ್ಸ್ ಕೆನಡಾ ಹೈವೇಗೆ ಬೇಲಿ ಹಾಕಿ, ಪ್ರಾಣಿಗಳಿಗೆ ಅಂತಲೇ ಮೇಲ್ಸೇತುವೆ, ಕೆಳದಾರಿ ಎಲ್ಲಾ ಸೇರಿ 44 ಕಟ್ಟಿದಾರೆ, ಅದರಿಂದ ಗಾಡಿಗೆ ಪ್ರಾಣಿ ಸಿಕ್ಕಿ ಸಾಯೋದು ಶೇ 80ಕ್ಕೂ ಜಾಸ್ತಿ ಕಮ್ಮಿ ಆಗಿದೆ. ಬಂಡೀಪುರದ ರಾತ್ರಿ ಸಂಚಾರದ ಗಲಾಟೆ ಬಂದಾಗೆಲ್ಲ ಈ ಸೇತುವೆಗಳ ಫೋಟೋ ನಮ್ಮಲ್ಲೂ ಓಡಾಡತ್ತೆ, ಆದ್ರೆ ಅಲ್ಲಿ ಕೆಲಸ ಮಾಡಿದ್ದು ಬರೀ ಸೇತುವೆ ಅಲ್ಲ, ಸೇತುವೆ ಕಡೆಗೇ ಪ್ರಾಣಿಗಳನ್ನ ತಿರುಗಿಸೋ ಉದ್ದದ ಬೇಲಿ, ಅದನ್ನ ಯಾರೂ ಹೇಳಲ್ಲ.

ಪಾರ್ಕ್ ಹುಟ್ಟಿದ್ದೇ ರೈಲ್ವೆ ಟಿಕೆಟ್ ಮಾರೋಕೆ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಇಲ್ಲಾಂದ್ರೆ ಗೇಟ್ ಮುಚ್ಚೋರ ವಾದ ಅರ್ಥ ಆಗಲ್ಲ.

1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆ ಕೆಲಸಗಾರರಿಗೆ ಬ್ಯಾಂಫ್‌ನಲ್ಲಿ ಬಿಸಿನೀರಿನ ಬುಗ್ಗೆ ಕಂಡಿತು. 'ಕಂಡಿತು' ಅಂದ್ರೆ ಅವರಿಗೆ ಕಂಡಿತು ಅಷ್ಟೇ, ಅಲ್ಲಿನ ಮೂಲನಿವಾಸಿಗಳಿಗೆ ಅದು ಹಳೇ ಜಾಗ. 1885ರಲ್ಲಿ ಸರ್ಕಾರ ಅದನ್ನ ಮೀಸಲಿಟ್ಟಿತು, 1887ರಲ್ಲಿ ಪಾರ್ಕ್ ಮಾಡ್ತು, 1888ರಲ್ಲಿ ರೈಲ್ವೆ ಕಂಪನಿ ಅಲ್ಲೇ ದೊಡ್ಡ ಹೋಟೆಲ್ ಕಟ್ಟಿತು. ದುಡ್ಡಿರೋ ಪ್ರವಾಸಿಗಳನ್ನ ರೈಲು ಹತ್ತಿಸೋದೇ ಉದ್ದೇಶ. ಬೇಟೆ ಆಡೋ ಸ್ಟೋನಿ ನಕೋಡಾ ಜನ ಈ ಚಿತ್ರದಲ್ಲಿ ಅಡ್ಡ ಬಂದ್ರು, 1890ರ ದಶಕದಿಂದ ಅವರನ್ನ ಪಾರ್ಕ್ ಒಳಗೆ ಬಿಡೋದು ನಿಲ್ಲಿಸಿದ್ರು. ಆದ್ರೆ ಪ್ರತಿ ವರ್ಷ 'ಬ್ಯಾಂಫ್ ಇಂಡಿಯನ್ ಡೇಸ್' ಅನ್ನೋ ಜಾತ್ರೆಗೆ ಮಾತ್ರ ಅದೇ ಜನ ಬೇಕು, ಗರಿ ತೊಟ್ಟು ಕುಣೀಬೇಕು, ಪ್ರವಾಸಿಗಳು ಫೋಟೋ ತಗೋಬೇಕು. ಅದೇ ಸಮಯದಲ್ಲಿ ಅವರವರ ಊರಲ್ಲಿ ಆಚರಣೆಗಳನ್ನ ಮಾಡೋದಕ್ಕೆ ಕಾನೂನಿನ ಅಡ್ಡಿ ಇತ್ತು, ಪಶ್ಚಿಮ ಕರಾವಳಿಯ ಪಾಟ್‌ಲ್ಯಾಚ್ ಅನ್ನೋ ದಾನದ ಹಬ್ಬವನ್ನ 1885ರಿಂದ 1951ರವರೆಗೆ ನಿಷೇಧ ಮಾಡಿದ್ರು. ಜಾಸ್ಪರ್‌ನಲ್ಲಿ 1907ರಲ್ಲಿ ಪಾರ್ಕ್ ಆದ ಮೇಲೆ ಅಲ್ಲಿ ಸಾಗುವಳಿ ಮಾಡ್ತಿದ್ದ ಮೇಟಿ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಸಂತತಿಯ) ಕುಟುಂಬಗಳನ್ನ ಎಬ್ಬಿಸಿ ಕಳಿಸಿದ್ರು.

ಹೀಗೆ 'ಮನುಷ್ಯರೇ ಇಲ್ಲದ ಕನ್ಯೆ ಪ್ರಕೃತಿ' ಅಂತ ಪೋಸ್ಟರಲ್ಲಿ ತೋರಿಸ್ತಾ ಬಂದಿದ್ದು ಮನುಷ್ಯರನ್ನ ಖಾಲಿ ಮಾಡಿಸಿದ ಜಾಗ. ಈಗ ಟೂರಿಸಂ ಇಲಾಖೆಗಳು 'ಪ್ರಕೃತಿ ಜೊತೆ ಸಂಸ್ಕೃತಿ' ಅಂತ ಜಾಹೀರಾತು ಕೊಡುವಾಗ, ಆ ಸಂಸ್ಕೃತಿಯ ಜನ ನಮಗೆ ಸ್ಟೇಜ್ ಬೇಡ, ಬೀಗದ ಕೈ ಕೊಡಿ ಅಂತಿದಾರೆ. ಇದೇ ಇವತ್ತಿನ ಜಗಳದ ಬೇರು.

ಜೋಫ್ರಿ ಲೇಕ್ಸ್: ಮುಚ್ಚಿದ್ದು ಯಾರು, ಯಾವ ಹಕ್ಕಲ್ಲಿ

ಜೋಫ್ರಿ ಲೇಕ್ಸ್‌ನಲ್ಲಿ ಮೂರು ಕೆರೆ, ಮೇಲೊಂದು ಹಿಮನದಿ, ಮಧ್ಯದ ಕೆರೇಲಿ ನೀರೊಳಗೆ ಬಿದ್ದಿರೋ ಒಂದು ಮರದ ದಿಮ್ಮಿ, ಅದರ ಮೇಲೆ ನಿಂತು ಫೋಟೋ ತೆಗೆಸ್ಕೊಳೋಕೆ ಕ್ಯೂ. 2019ರ ಹೊತ್ತಿಗೆ ವರ್ಷಕ್ಕೆ ಎರಡು ಲಕ್ಷದ ಹತ್ತಿರ ಜನ ಬರ್ತಿದ್ರು, ಹತ್ತು ವರ್ಷದಲ್ಲಿ ಮೂರು ಪಟ್ಟಿಗೂ ಜಾಸ್ತಿ. 2021ರಲ್ಲಿ ದಿನದ ಪಾಸ್ ಪದ್ಧತಿ ತಂದ್ರು. ಆಮೇಲೆ 2023ರ ಆಗಸ್ಟ್‌ನಲ್ಲಿ ಲಿಲ್ವಟ್ ಮತ್ತು ಎನ್‌ಕ್ವಾಟ್ಕ್ವಾ ಅನ್ನೋ ಎರಡು ಫಸ್ಟ್ ನೇಷನ್, ಅಂದ್ರೆ ಮೂಲನಿವಾಸಿ, ಸಮುದಾಯಗಳು, ಇದು ನಮ್ಮ ಸೀಮೆ, ನಮ್ಮ ಕೊಯ್ಲಿನ ಕಾಲ, ನಮ್ಮ ಜನ ಇಲ್ಲಿ ಬಂದು ಗಿಡಮೂಲಿಕೆ, ಹಣ್ಣು ಸಂಗ್ರಹ ಮಾಡ್ಬೇಕು, ಆಚರಣೆ ಮಾಡ್ಬೇಕು, ಸೆಪ್ಟೆಂಬರ್ 30ರವರೆಗೆ ಯಾರೂ ಬರಬೇಡಿ ಅಂತ ಘೋಷಿಸಿದವು. ಪ್ರಾಂತ್ಯ ಸರ್ಕಾರಕ್ಕೆ ಏನು ಹೇಳ್ಬೇಕೋ ತಕ್ಷಣ ಗೊತ್ತಾಗ್ಲಿಲ್ಲ. ಮಾತುಕತೆ ಆಗಿ, 2024ರಿಂದ ಮೊದಲೇ ದಿನಾಂಕ ಹೇಳಿ ಮುಚ್ಚೋ ಪದ್ಧತಿ ಬಂತು.

ಯಾವ ಹಕ್ಕು ಅಂದ್ರೆ, ಬ್ರಿಟಿಷ್ ಕೊಲಂಬಿಯಾದ ಬಹುಪಾಲು ಭೂಮಿಗೆ ಮೂಲನಿವಾಸಿಗಳ ಜೊತೆ ಯಾವ ಒಪ್ಪಂದಾನೂ ಆಗಿಲ್ಲ. ಕೆನಡಾದ ಬೇರೆ ಬಹಳ ಕಡೆ ಒಪ್ಪಂದದ ಕಾಗದ ಇದೆ, ಅದು ಎಷ್ಟು ನ್ಯಾಯವಾಗಿತ್ತು ಅನ್ನೋದು ಬೇರೆ ಮಾತು, ಇಲ್ಲಿ ಕಾಗದವೇ ಇಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಟ್ಸಿಲ್‌ಕೋಟಿನ್ ಸಮುದಾಯಕ್ಕೆ ಒಂದು ದೊಡ್ಡ ಪ್ರದೇಶದ ಮೇಲೆ ಮೂಲನಿವಾಸಿ ಒಡೆತನ ಇದೆ ಅಂತ ಎತ್ತಿ ಹಿಡೀತು. 2019ರಲ್ಲಿ ಪ್ರಾಂತ್ಯದ ವಿಧಾನಸಭೆ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ತನ್ನ ಕಾನೂನುಗಳನ್ನ ಹೊಂದಿಸ್ತೀನಿ ಅಂತ ಕಾಯ್ದೆ ಮಾಡ್ತು. ಹಾಗಾಗಿ 'ಪಾರ್ಕ್ ಸರ್ಕಾರದ್ದು, ನೀವ್ಯಾರು' ಅಂತ ಸರ್ಕಾರವೇ ಈಗ ಸುಲಭಕ್ಕೆ ಹೇಳೋ ಹಾಗಿಲ್ಲ.

ವಿರೋಧ ಮಾಡೋರ ವಾದಾನೂ ಸುಮ್ನೆ ತಳ್ಳಿ ಹಾಕೋ ಥರದ್ದಲ್ಲ. ಪಾರ್ಕ್ ತೆರಿಗೆ ದುಡ್ಡಲ್ಲಿ ನಡೆಯತ್ತೆ, ಜಾತಿ ಜನಾಂಗ ನೋಡಿ ಒಳಗೆ ಬಿಡೋದು ಸಾರ್ವಜನಿಕ ಜಾಗಕ್ಕೆ ಸರಿಯಲ್ಲ, ಇವತ್ತು ಒಂದು ಪಾರ್ಕ್ ನಾಳೆ ಹತ್ತು ಅನ್ನೋದು ಅವರ ಮಾತು. ಬೇಸಿಗೆಯ ವ್ಯಾಪಾರ ನಂಬಿರೋ ಪೆಂಬರ್ಟನ್ ಥರದ ಪಕ್ಕದ ಊರಿನ ಅಂಗಡಿಗಳ ಲೆಕ್ಕಾನೂ ಇದರಲ್ಲಿ ಸೇರತ್ತೆ. 2025ರ ಆಗಸ್ಟ್‌ನಲ್ಲಿ ಅದೇ ಪ್ರಾಂತ್ಯದ ಕೋರ್ಟು ರಿಚ್ಮಂಡ್ ನಗರದ ಒಂದು ಭಾಗದ ಮೇಲೆ ಕೌವಿಚನ್ ಸಮುದಾಯಕ್ಕೆ ಒಡೆತನ ಇದೆ ಅಂತ ತೀರ್ಪು ಕೊಟ್ಟ ಮೇಲೆ, ಖಾಸಗಿ ಮನೆ ಸೈಟುಗಳ ಕಥೆ ಏನು ಅನ್ನೋ ಭಯ ಹುಟ್ಟಿ, ಪಾರ್ಕ್ ವಿಷಯ ಆಸ್ತಿ ವಿಷಯ ಎರಡೂ ಒಂದೇ ಗಂಟಾಗಿ ರಾಜಕೀಯ ಜೋರಾಯ್ತು. ಎರಡೂ ಬೇರೆ ಬೇರೆ ಕೇಸು. ಆದ್ರೆ ಟಿವಿ ಚರ್ಚೆಗೆ ಅಷ್ಟು ತಾಳ್ಮೆ ಎಲ್ಲಿರತ್ತೆ.

ಒಂದು ಮಾತ್ರ ಹೇಳ್ಬಹುದು. ಮುಚ್ಚಿದ ಆ ವಾರಗಳಲ್ಲಿ ಸವೆದ ದಾರಿ, ತುಳಿದ ಗಿಡ ಚೇತರಿಸ್ಕೊಳೋಕೆ ಸಮಯ ಸಿಗತ್ತೆ ಅನ್ನೋದನ್ನ ಪಾರ್ಕ್ ನಡೆಸೋರೂ ಒಪ್ತಾರೆ. ಜಗಳ ಇರೋದು ಮುಚ್ಚಬೇಕಾ ಅನ್ನೋದಕ್ಕಿಂತ ಎಷ್ಟು ದಿನ, ಮತ್ತೆ ಕೊನೇ ಮಾತು ಯಾರದ್ದು ಅನ್ನೋದರಲ್ಲಿ.

ಮೂವತ್ತು ವರ್ಷದಿಂದ ನಡೆದುಕೊಂಡು ಬಂದಿರೋ ಹೈಡಾ ಗ್ವಾಯ್ ಪ್ರಯೋಗ

ಈ 'ಕೊನೇ ಮಾತು' ಪ್ರಶ್ನೆಗೆ ಒಂದು ಹಳೇ ಉತ್ತರ ಆಗ್ಲೇ ಇದೆ, ಅದನ್ನ ಚರ್ಚೇಲಿ ಯಾಕೋ ಕಮ್ಮಿ ನೆನೆಸ್ತಾರೆ.

ಪೆಸಿಫಿಕ್ ಕರಾವಳಿಯಿಂದಾಚೆ ಹೈಡಾ ಗ್ವಾಯ್ ಅನ್ನೋ ದ್ವೀಪಸಮೂಹ ಇದೆ, 2010ರವರೆಗೆ ಮ್ಯಾಪಲ್ಲಿ ಕ್ವೀನ್ ಷಾರ್ಲಟ್ ದ್ವೀಪಗಳು ಅಂತಿತ್ತು. 1862ರ ಸಿಡುಬಿನ ನಂತರ ಹೈಡಾ ಜನ ಸಾವಿರಗಳ ಲೆಕ್ಕದಿಂದ ಕೆಲವು ನೂರಕ್ಕೆ ಇಳಿದುಹೋದ್ರು, ಹಳ್ಳಿಗಳು ಖಾಲಿಯಾದವು. 1985ರಲ್ಲಿ ಲೈಯಲ್ ದ್ವೀಪದ ಹಳೇ ಕಾಡನ್ನ ಕಡಿಯೋಕೆ ಕಂಪನಿ ಬಂದಾಗ ಹೈಡಾ ಹಿರಿಯರು ರಸ್ತೆಗೆ ಅಡ್ಡ ಕೂತರು, 72 ಜನರನ್ನ ಬಂಧಿಸಿದ್ರು. ಅದರ ಫಲವಾಗಿ ಕಡಿತ ನಿಂತು, 1993ರಲ್ಲಿ ಗ್ವಾಯ್ ಹಾನಸ್ ಒಪ್ಪಂದ ಆಯ್ತು. ಅದರಲ್ಲಿ ಮಜಾ ಏನಂದ್ರೆ, ಈ ಭೂಮಿ ಯಾರದ್ದು ಅನ್ನೋದರಲ್ಲಿ ನಮಗೆ ನಿಮಗೆ ಭಿನ್ನಾಭಿಪ್ರಾಯ ಇದೆ ಅಂತ ಎರಡೂ ಕಡೆಯವರು ಅಲ್ಲೇ ಬರೆದಿಟ್ಟು, ಆ ಜಗಳ ಪಕ್ಕಕ್ಕಿಟ್ಟು, ಕಾಪಾಡೋದನ್ನ ಮಾತ್ರ ಒಟ್ಟಿಗೆ ಮಾಡೋಣ ಅಂದ್ರು. ಆಡಳಿತ ಮಂಡಳೀಲಿ ಹೈಡಾ ಪ್ರತಿನಿಧಿಗಳು, ಕೇಂದ್ರ ಸರ್ಕಾರದ ಪ್ರತಿನಿಧಿಗಳು ಸಮ ಸಮ.

ಪ್ರವಾಸಿಗೆ ಇದರ ಅರ್ಥ ಏನು? ಹೋಗೋಕೆ ಮುಂಚೆ ತಿಳಿವಳಿಕೆ ಕಾರ್ಯಕ್ರಮಕ್ಕೆ ಕೂರಲೇಬೇಕು. ಹಳೇ ಹಳ್ಳಿಗಳಲ್ಲಿ ಬೇಸಿಗೆ ಪೂರ್ತಿ ಹೈಡಾ ವಾಚ್‌ಮೆನ್ ಅಂತ ಸಮುದಾಯದ ಜನಾನೇ ವಾಸ ಇರ್ತಾರೆ, ದೋಣಿಯಿಂದ ರೇಡಿಯೋದಲ್ಲಿ ಕೇಳಿ, ಅವರು ಬನ್ನಿ ಅಂದ ಮೇಲೇ ದಡ ಹತ್ತಬೇಕು, ಒಂದು ಸಲಕ್ಕೆ ಹನ್ನೆರಡು ಜನ ಮೀರೋ ಹಾಗಿಲ್ಲ. ಸ್ಗಾಂಗ್ ಗ್ವಾಯ್ ಅನ್ನೋ ಹಳ್ಳಿ 1981ರಿಂದ ವಿಶ್ವ ಪರಂಪರೆಯ ತಾಣ, ಅಲ್ಲಿನ ಸೀಡರ್ ಮರದ ಕೆತ್ತಿದ ಕಂಬಗಳು ವಾಲಿ, ಪಾಚಿ ಹಿಡಿದು ಮಣ್ಣಾಗ್ತಾ ಇವೆ. ರಾಸಾಯನಿಕ ಬಳಿದು ನಿಲ್ಲಿಸಬಹುದಿತ್ತು, ಆದ್ರೆ ಕಂಬ ಮಣ್ಣಿಗೆ ಸೇರೋದೇ ಅದರ ಕ್ರಮ ಅಂತ ಹೈಡಾ ಜನರ ನಿಲುವು. ಹಾಗಂತ ಇದು ಬರೀ ಅಳಿದುಳಿದಿದ್ದನ್ನ ತೋರಿಸೋ ಜಾಗ ಅಲ್ಲ, ಒಪ್ಪಂದಕ್ಕೆ 20 ವರ್ಷ ಆದಾಗ, 2013ರಲ್ಲಿ, ಲೈಯಲ್ ದ್ವೀಪದಲ್ಲೇ ಹೊಸ ಕಂಬ ನಿಲ್ಲಿಸಿದ್ರು. ಆ ಪಕ್ಕಕ್ಕಿಟ್ಟ ಒಡೆತನದ ಜಗಳಾನೂ 2024ರಲ್ಲಿ ಒಂದು ಹಂತಕ್ಕೆ ಬಂತು, ದ್ವೀಪಗಳ ಮೇಲೆ ಹೈಡಾ ಒಡೆತನ ಇದೆ ಅಂತ ಪ್ರಾಂತ್ಯ ಸರ್ಕಾರ ಒಪ್ಪಂದದಲ್ಲೇ ಒಪ್ಕೊಂಡಿತು, ಖಾಸಗಿ ಆಸ್ತಿಗೆ ತೊಂದರೆ ಇಲ್ಲ ಅಂತಲೂ ಅದರಲ್ಲೇ ಇದೆ.

ಟೀಕೆ ಇಲ್ಲ ಅಂತಲ್ಲ. ಅಲ್ಲಿಗೆ ಹೋಗೋಕೆ ದೋಣಿ ಟೂರ್, ಇಲ್ಲಾ ಸೀಪ್ಲೇನ್, ಸಾವಿರಾರು ಡಾಲರ್ ಖರ್ಚು. ಕಮ್ಮಿ ಜನ ಅಂದ್ರೆ ಕೊನೆಗೆ ದುಡ್ಡಿರೋ ಕಮ್ಮಿ ಜನ ಅಂತಾಗ್ಬಿಡತ್ತೆ. ಮಿತಿ ಹಾಕೋ ಎಲ್ಲಾ ಕಡೆ ಈ ಸಮಸ್ಯೆ ಇದೆ, ಬ್ಯಾಂಫ್‌ನಲ್ಲಿ ಅದು ದುಡ್ಡಿನ ಬದಲು ಆನ್‌ಲೈನ್ ಬುಕಿಂಗ್‌ಗೆ ವೇಗದ ಇಂಟರ್ನೆಟ್ ಇರೋರ ಪರವಾಗಿ ಆಗತ್ತೆ ಅಷ್ಟೇ.

ಕೊಂದ ಕರಡಿಗಿಂತ ನೋಡಿದ ಕರಡಿ ಲಾಭ

ಹಸಿರು ಪ್ರವಾಸ ಅಂದ್ರೆ ಹೊಟ್ಟೆ ತುಂಬದ ಆದರ್ಶ ಅನ್ನೋರಿಗೆ ಗ್ರೇಟ್ ಬೇರ್ ಮಳೆಕಾಡಿನ ಉದಾಹರಣೆ ಕೊಡಬಹುದು. ಬ್ರಿಟಿಷ್ ಕೊಲಂಬಿಯಾ ಕರಾವಳಿ ಉದ್ದಕ್ಕೂ ಹರಡಿರೋ ಈ ಕಾಡಲ್ಲಿ ಕಪ್ಪು ಕರಡಿಗಳಲ್ಲೇ ಕೆಲವು ಒಂದು ಅಪರೂಪದ ಜೀನ್ ಕಾರಣಕ್ಕೆ ಬೆಳ್ಳಗೆ ಹುಟ್ಟತ್ವೆ, ಸ್ಪಿರಿಟ್ ಬೇರ್ ಅಂತಾರೆ. ಮೀನುಗಾರಿಕೆ ಕುಸಿದ ಮೇಲೆ ಕ್ಲೆಮ್ಟು ಅನ್ನೋ ಪುಟ್ಟ ಊರಿನ ಕಿಟಾಸೂ ಕ್ಷೈಕ್ಷೈಸ್ ಸಮುದಾಯ ತಮ್ಮದೇ ಲಾಡ್ಜ್ ಕಟ್ಟಿ, ಊರಿನವರೇ ಗೈಡ್ ಆಗಿ ಕರಡಿ ತೋರಿಸೋ ಕೆಲಸ ಶುರು ಮಾಡಿದ್ರು. 2014ರ ಒಂದು ಅಧ್ಯಯನದ ಪ್ರಕಾರ ಈ ಪ್ರದೇಶದಲ್ಲಿ ಕರಡಿ ನೋಡೋಕೆ ಬರೋರು ಖರ್ಚು ಮಾಡಿದ ದುಡ್ಡು, ಕರಡಿ ಬೇಟೆಗೆ ಬರೋರು ಖರ್ಚು ಮಾಡಿದ್ದಕ್ಕಿಂತ ಹನ್ನೆರಡು ಪಟ್ಟು. ಕರಾವಳಿಯ ಸಮುದಾಯಗಳು 2012ರಲ್ಲೇ ತಮ್ಮ ಸೀಮೇಲಿ ಶೋಕಿ ಬೇಟೆ ಬೇಡ ಅಂದಿದ್ವು, 2017ರ ಕೊನೇಲಿ ಪ್ರಾಂತ್ಯ ಸರ್ಕಾರ ಗ್ರಿಜ್ಲಿ ಬೇಟೆಯನ್ನೇ ನಿಲ್ಲಿಸ್ತು. ಇಲ್ಲಿ ಕಾರಣ ಪರಿಣಾಮ ಸ್ಪಷ್ಟ: ಆದಾಯ ಊರಿಗೇ ಬಂತು, ಅದಕ್ಕೇ ಊರು ಕರಡಿ ಪರ ನಿಂತಿತು.

ಸಸ್ಕಾಚೆವಾನ್ ಪ್ರಾಂತ್ಯದ ಸಸ್ಕಟೂನ್ ಪಕ್ಕ ವನುಸ್ಕೆವಿನ್ ಅಂತ ಮೂಲನಿವಾಸಿ ಪರಂಪರೆಯ ಪಾರ್ಕ್ ಇನ್ನೊಂದಿದೆ, ನಮ್ಮವರು ಯಾರೂ ಹೋಗೋ ಜಾಗ ಅಲ್ಲ. ಅಲ್ಲಿಗೆ 2019ರ ಕೊನೇಲಿ ಬೈಸನ್ ಅನ್ನೋ ಅಲ್ಲಿನ ಕಾಡುಕೋಣಗಳನ್ನ ಮತ್ತೆ ತಂದು ಬಿಟ್ರು, ಮುಂದಿನ ವರ್ಷ ಆ ಬೈಸನ್‌ಗಳೇ ಮಣ್ಣಲ್ಲಿ ಹೊರಳಾಡಿ ಹೊರಳಾಡಿ ನೆಲ ಕೆದರಿ, ಹಳೇ ಕಾಲದ ಕೆತ್ತನೆ ಇರೋ ಬಂಡೆಗಳು ಬೆಳಕಿಗೆ ಬಂದ್ವು.

ಇನ್ನು 'ಗ್ರೀನ್', 'ಇಂಡಿಜಿನಸ್' ಅಂತ ಬೋರ್ಡ್ ಹಾಕ್ಕೊಂಡಿರೋದೆಲ್ಲ ನಂಬೋ ಹಾಗಿಲ್ಲ. ಮೂಲನಿವಾಸಿ ಪ್ರವಾಸೋದ್ಯಮದ ರಾಷ್ಟ್ರೀಯ ಸಂಘ ಶೇ 51ಕ್ಕೆ ಕಮ್ಮಿ ಇಲ್ಲದಷ್ಟು ಪಾಲು ಮೂಲನಿವಾಸಿಗಳದ್ದೇ ಇರೋ ಸಂಸ್ಥೆಗಳಿಗೆ 'ದಿ ಒರಿಜಿನಲ್ ಒರಿಜಿನಲ್' ಅನ್ನೋ ಗುರುತು ಕೊಡ್ತಿದೆ. ಪರಿಸರದ ಹೆಸರಲ್ಲಿ ಸುಳ್ಳು ಜಾಹೀರಾತು ಕೊಡೋರ ವಿರುದ್ಧ 2024ರಲ್ಲಿ ಕೇಂದ್ರ ಕಾನೂನು ಬಿಗಿ ಮಾಡಿದ್ರು, ಮುಂದಿನ ವರ್ಷದ ಬಜೆಟ್‌ನಲ್ಲಿ ಅದೇ ಕಾನೂನಿನ ಕೆಲವು ಭಾಗ ಸಡಿಲ ಮಾಡ್ತೀವಿ ಅಂದ್ರು.

ಹೋಗೋದು ಹೇಗೆ ಅನ್ನೋದೇ ದೊಡ್ಡ ತೊಡಕು

ಗೇಟ್ ವಿಷಯ ಬಗೆಹರಿದ್ರೂ ಅಲ್ಲಿಗೆ ತಲುಪೋ ದಾರಿ ಹಸಿರಾಗಿಲ್ಲ. ಇದು ಇಡೀ ಚರ್ಚೆಯ ಅತಿ ದುರ್ಬಲ ಕೊಂಡಿ ಅಂತ ನನಗನ್ಸತ್ತೆ.

ಟೊರಾಂಟೊದಿಂದ ವ್ಯಾಂಕೂವರ್‌ಗೆ ವಿಯಾ ರೈಲಿನ 'ದಿ ಕೆನಡಿಯನ್' 4,466 ಕಿಲೋಮೀಟರ್, ನಾಲ್ಕು ರಾತ್ರಿ. ಆದ್ರೆ ಹಳಿ ವಿಯಾದ್ದಲ್ಲ, ಬಹುಪಾಲು ಸಿಎನ್ ಅನ್ನೋ ಸರಕು ರೈಲು ಕಂಪನಿದು, ಗೂಡ್ಸ್ ಗಾಡಿ ಬಂದ್ರೆ ಪ್ಯಾಸೆಂಜರ್ ಗಾಡಿ ಪಕ್ಕಕ್ಕೆ ನಿಂತು ಕಾಯ್ಬೇಕು, ಗಂಟೆಗಟ್ಟಲೆ ಲೇಟು ಮಾಮೂಲಿ. ವಾರಕ್ಕೆ ಬೆರಳೆಣಿಕೆ ಸಲ ಓಡೋ ಗಾಡಿ ನಂಬ್ಕೊಂಡು ಯಾರು ಪ್ಲಾನ್ ಮಾಡ್ತಾರೆ. ಬಸ್ ಕಥೆ ಇನ್ನೂ ಕಷ್ಟ, ಗ್ರೇಹೌಂಡ್ 2018ರಲ್ಲಿ ಪಶ್ಚಿಮದ ಬಹುಪಾಲು ಮಾರ್ಗ ನಿಲ್ಲಿಸ್ತು, 2021ರಲ್ಲಿ ಕೆನಡಾದೊಳಗಿನ ಸೇವೇನೇ ಬಂದ್. ಹಾಗಾಗಿ ಉಳಿಯೋದು ವಿಮಾನ ಮತ್ತು ಬಾಡಿಗೆ ಕಾರು. ಪಾರ್ಕ್ ಬಾಗಿಲಲ್ಲಿ ಕಾರ್ ನಿಲ್ಲಿಸಿ ಶಟಲ್ ಹತ್ತಿಸಿದ್ರೆ ಕೆರೆ ದಡದ ಗಲಾಟೆ ಕಮ್ಮಿ ಆಗತ್ತೆ ನಿಜ, ಅಲ್ಲಿವರೆಗಿನ ಹೊಗೆ ಹಾಗೇ ಇರತ್ತೆ. ಕ್ಯಾಲ್ಗರಿಯಿಂದ ಬ್ಯಾಂಫ್‌ಗೆ ಪ್ಯಾಸೆಂಜರ್ ರೈಲು ಅಂತ ವರ್ಷಗಳಿಂದ ಪ್ರಸ್ತಾವ ಇದೆ, ದೂರ ಬರೀ 130 ಕಿಲೋಮೀಟರ್ ಚಿಲ್ಲರೆ, ಇನ್ನೂ ಕಾಗದದ ಮೇಲೇ ಇದೆ. ಬೆಂಗಳೂರಿಂದ ಹೋಗೋರ ಲೆಕ್ಕ ಕೇಳಲೇಬೇಡಿ, ಹೋಗಿ ಬರೋ ವಿಮಾನಕ್ಕೇ ಲೆಕ್ಕ ಹಾಕೋ ವಿಧಾನದ ಮೇಲೆ ಒಬ್ಬರಿಗೆ ಒಂದೂವರೆಯಿಂದ ಮೂರು ಟನ್ ಕಾರ್ಬನ್, ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿ 2 ಟನ್ ಆಸುಪಾಸು.

ಈ ವಿರೋಧಾಭಾಸ ಅತಿ ಢಾಳಾಗಿ ಕಾಣೋದು ಹಡ್ಸನ್ ಕೊಲ್ಲಿ ದಡದ ಚರ್ಚಿಲ್‌ನಲ್ಲಿ. ಸಾವಿರಕ್ಕೂ ಕಮ್ಮಿ ಜನರ ಊರು, ರಸ್ತೆ ಇಲ್ಲ. ಅಕ್ಟೋಬರ್ ನವೆಂಬರ್‌ನಲ್ಲಿ ಹಿಮಕರಡಿಗಳು ಸಮುದ್ರ ಹೆಪ್ಪುಗಟ್ಟೋದನ್ನ ಕಾಯ್ತಾ ದಡದಲ್ಲಿ ಸೇರ್ತಾವೆ, ಅವನ್ನ ನೋಡೋಕೆ ಪ್ರಪಂಚದ ಮೂಲೆ ಮೂಲೆಯಿಂದ ಜನ ಹಾರಿ ಬರ್ತಾರೆ. ಆದ್ರೆ ಮಂಜು ತಡವಾಗಿ ಕಟ್ಟಿ ಬೇಗ ಕರಗೋದ್ರಿಂದ ಕರಡಿಗೆ ಸೀಲ್ ಬೇಟೆ ಆಡೋ ಸಮಯ ಕಮ್ಮಿ ಆಗ್ತಿದೆ. ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳು 1980ರ ದಶಕದಲ್ಲಿ 1,200ರ ಹತ್ತಿರ ಇದ್ದಿದ್ದು 2021ರ ಅಂದಾಜಲ್ಲಿ 618. ನೋಡೋಕೆ ಹೋಗೋ ವಿಮಾನದ ಹೊಗೆಯೂ ಆ ಮಂಜು ಕರಗಿಸೋದರಲ್ಲಿ ಪಾಲು ಹಾಕತ್ತೆ. ವಿನ್ನಿಪೆಗ್‌ನಿಂದ ಸುಮಾರು 1,700 ಕಿಲೋಮೀಟರ್ ರೈಲು ಇದೆ, ಎರಡು ರಾತ್ರಿ, ಅದರ ಹಳಿ 2017ರಲ್ಲಿ ಪ್ರವಾಹಕ್ಕೆ ಕೊಚ್ಚಿ ಹೋಗಿ ಒಂದೂವರೆ ವರ್ಷ ಊರಿಗೆ ರೈಲೇ ಇರ್ಲಿಲ್ಲ, ಸಾಮಾನಿನ ರೇಟು ಆಕಾಶಕ್ಕೇರಿತು. ಈಗ ಆ ಮಾರ್ಗ ಅಲ್ಲಿನ ಫಸ್ಟ್ ನೇಷನ್ಸ್ ಮತ್ತು ಊರುಗಳು ಸೇರಿ ಮಾಡಿದ ಕಂಪನಿಯ ಕೈಲಿದೆ. ಹಾಗಂತ ಪ್ರವಾಸಿಗಳು ಬರೋದೇ ನಿಂತ್ರೆ ಆ ಊರಿಗೆ ಬೇರೆ ಆದಾಯ ಹೇಳ್ಕೊಳೋ ಅಷ್ಟಿಲ್ಲ, ಅದಕ್ಕೇ ಇದಕ್ಕೆ ಸುಲಭದ ತೀರ್ಪು ಇಲ್ಲ.

ಬೆಂಕಿ ಎಲ್ಲಾ ಲೆಕ್ಕ ತಲೆಕೆಳಗು ಮಾಡ್ತಿದೆ

2023ರಲ್ಲಿ ಕೆನಡಾದಲ್ಲಿ ಸುಟ್ಟ ಕಾಡು ಸುಮಾರು ಒಂದೂವರೆ ಕೋಟಿ ಹೆಕ್ಟೇರ್. ಇಡೀ ಕರ್ನಾಟಕದ ವಿಸ್ತೀರ್ಣ 1.92 ಕೋಟಿ ಹೆಕ್ಟೇರ್, ಅಂದಾಜು ಮಾಡ್ಕೊಳಿ. 2024ರ ಜುಲೈಲಿ ಜಾಸ್ಪರ್ ಪಾರ್ಕಿಗೆ ಬೆಂಕಿ ಬಿದ್ದು ಊರಿನವರು ಪ್ರವಾಸಿಗಳು ಸೇರಿ 25 ಸಾವಿರದಷ್ಟು ಜನರನ್ನ ಖಾಲಿ ಮಾಡಿಸಿದ್ರು, ಊರಿನ ಮೂರನೇ ಒಂದು ಭಾಗ ಕಟ್ಟಡ ಸುಟ್ಟು ಹೋಯ್ತು. ಬಿಸಿಲು ಒಣಹವೆ ಒಂದು ಕಾರಣ. ನೂರು ವರ್ಷ ಸಣ್ಣ ಬೆಂಕಿಯನ್ನೂ ಆರಿಸ್ತಾ ಬಂದಿದ್ದು, ಅದಕ್ಕೂ ಮುಂಚೆ ಮೂಲನಿವಾಸಿಗಳು ಲೆಕ್ಕಾಚಾರದಲ್ಲಿ ಹಾಕ್ತಿದ್ದ ಚಿಕ್ಕ ಬೆಂಕಿಗಳನ್ನ ಕಾನೂನು ಮಾಡಿ ನಿಲ್ಲಿಸಿದ್ದು, ಆಮೇಲೆ ಕೀಟ ಹತ್ತಿ ಸತ್ತ ಪೈನ್ ಮರಗಳು ರಾಶಿ ರಾಶಿ ಒಣಗಿ ನಿಂತಿದ್ದು ಇನ್ನೊಂದು. ಜನರನ್ನ ಹೊರಗೆ ಹಾಕಿದಾಗ ಅವರ ಜೊತೆ ಅವರ ಬೆಂಕಿ ವಿದ್ಯೆನೂ ಹೊರಗೆ ಹೋಯ್ತು ಅನ್ನೋದು ಈಗ ಪಾರ್ಕ್ ನಡೆಸೋರಿಗೂ ಅರ್ಥ ಆಗಿದೆ, ನಿಯಂತ್ರಿತ ಬೆಂಕಿ ಹಾಕೋದನ್ನ ಜಾಸ್ತಿ ಮಾಡ್ತಿದಾರೆ. ಪ್ರವಾಸಿ ಮಟ್ಟಿಗೆ ಇದರ ಪರಿಣಾಮ, ಆಗಸ್ಟ್ ತಿಂಗಳು ಈಗ ನಂಬೋ ಹಾಗಿಲ್ಲ, ಬೆಂಕಿ ದೂರ ಇದ್ರೂ ಹೊಗೆ ಬಂದು ಬೆಟ್ಟಾನೇ ಕಾಣಲ್ಲ.

ನಮ್ಮ ಕಡೆ ಇದೇ ಕಥೆ

ಕುಮಾರ ಪರ್ವತದಲ್ಲಿ 2024ರ ಜನವರಿ ನೂಕುನುಗ್ಗಲಿನ ಫೋಟೋ ವೈರಲ್ ಆಗಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರ್‌ನಿಂದ ಗಾಡಿ ಲೆಕ್ಕ ಹಾಕಿ ಬಿಡ್ತಿದಾರೆ. ಸಂಖ್ಯೆಗೆ ಮಿತಿ ಹಾಕೋವರೆಗೆ ನಾವೂ ಬಂದಿದೀವಿ. ಆ ಮಿತಿ ಯಾರು ಹಾಕ್ಬೇಕು ಅನ್ನೋ ಎರಡನೇ ಹೆಜ್ಜೆಗೆ ಇನ್ನೂ ಬಂದಿಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆ ಒಳಗಿನ ಹಳೇ ಹಾಡಿಗೆ ಜೇನು ಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದಾಗ, ಅದು ಅತಿಕ್ರಮಣ ಅನ್ನೋ ಮಾತಿನ ಸುತ್ತಾನೇ ಚರ್ಚೆ ತಿರುಗ್ತು, ಸಫಾರಿ ಜೀಪುಗಳಿಗೆ ಇರೋ ಜಾಗ ಅವರಿಗೆ ಯಾಕಿಲ್ಲ ಅಂತ ಕೇಳಿದವರು ಕಮ್ಮಿ.

ಮುಂದೆ ಏನಾಗಬಹುದು

ಕೆನಡಾದಲ್ಲಿ ಮುಂದಿನ ಕೆಲವು ಬೇಸಿಗೆ ಹೀಗೇ ಎಳೆದಾಟದಲ್ಲಿ ಹೋಗೋ ಸಾಧ್ಯತೆ ಜಾಸ್ತಿ. ಫ್ರೀ ಎಂಟ್ರಿ ಜನಪ್ರಿಯ, ಯಾವ ಸರ್ಕಾರಕ್ಕೂ ಅದನ್ನ ವಾಪಸ್ ತಗೊಳೋದು ಕಷ್ಟ, ಆದ್ರೆ ಶುಲ್ಕದ ದುಡ್ಡು ಬರದೇ ಇದ್ರೆ ದಾರಿ, ಶೌಚಾಲಯ, ಶಟಲ್‌ಗೆ ಖಜಾನೆಯಿಂದಲೇ ತುಂಬಬೇಕು. ಜನ ಹೆಚ್ಚಾದಷ್ಟೂ ಬುಕಿಂಗ್ ಪದ್ಧತಿ ಇನ್ನಷ್ಟು ಕೆರೆಗಳಿಗೆ ಹರಡತ್ತೆ. ಒಂದು ಕಡೆ ಮುಚ್ಚಿದ್ರೆ ಜನ ಪಕ್ಕದ, ವ್ಯವಸ್ಥೆ ಇಲ್ಲದ ಕೆರೆಗೆ ಹೋಗ್ತಾರೆ, ಅಲ್ಲಿ ಹೊಸ ಗಲಾಟೆ ಶುರು ಆಗತ್ತೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಒಡೆತನದ ಕೇಸುಗಳು ಮೇಲಿನ ಕೋರ್ಟಲ್ಲಿ ಹೇಗೆ ಮುಗಿಯತ್ವೆ ಅನ್ನೋದರ ಮೇಲೆ, ಹೈಡಾ ಥರ ಕೂತು ಒಪ್ಪಂದ ಮಾಡ್ಕೊಳೋಕೆ ಸರ್ಕಾರಗಳಿಗೆ ಧೈರ್ಯ ಬರತ್ತಾ, ಇಲ್ಲಾ ವೋಟಿನ ಭಯಕ್ಕೆ ಹಿಂದೆ ಸರೀತಾರಾ ಅನ್ನೋದು ನಿಂತಿದೆ.

ಹೋಗೋ ಪ್ಲಾನ್ ಇರೋರು ಇಷ್ಟು ನೋಡ್ಕೊಂಡ್ರೆ ಸಾಕು: ಜಾಗ ಕೇಂದ್ರದ್ದಾ ಪ್ರಾಂತ್ಯದ್ದಾ ಅಂತ ಮೊದಲು ತಿಳ್ಕೊಳಿ, ಮುಚ್ಚೋ ದಿನಾಂಕ ಇದ್ಯಾ ಅಂತ ಆಯಾ ಪಾರ್ಕಿನ ವೆಬ್‌ಸೈಟಲ್ಲೇ ನೋಡಿ. ಮೊರೇನ್ ಲೇಕ್ ಶಟಲ್ ಸೀಟುಗಳನ್ನ ಒಂದಷ್ಟು ವಸಂತದಲ್ಲೇ ಬಿಡ್ತಾರೆ, ಉಳಿದವನ್ನ ಹೊರಡೋ ದಿನಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ಬಿಡ್ತಾರೆ, ಸಿಗಲಿಲ್ಲ ಅಂತ ಏಪ್ರಿಲ್‌ನಲ್ಲೇ ಕೈಬಿಡಬೇಡಿ. ಅಪ್ಪ ಅಮ್ಮ ಜೊತೆಗಿದ್ರೆ ಜುಲೈ ಬಿಟ್ಟು ಸೆಪ್ಟೆಂಬರ್ ಎರಡನೇ ವಾರದ ಮೇಲೆ ಹೋಗಿ, ಮಕ್ಕಳ ಸ್ಕೂಲ್ ಶುರು ಆಗಿ ರಶ್ ಬಹಳ ಕಡೆ ಸ್ವಲ್ಪ ಇಳಿದಿರತ್ತೆ, ಲಾರ್ಚ್ ಮರಗಳು ಹಳದಿಗೆ ತಿರುಗೋದೂ ಆಗಲೇ, ಅದನ್ನ ನೋಡೋಕೆ ಮೊರೇನ್ ಲೇಕ್ ಕಡೆ ಮಾತ್ರ ಜನ ಇದ್ದೇ ಇರ್ತಾರೆ, ಸ್ವೆಟರ್ ಮರೀಬೇಡಿ.